ಫ್ಯುಗಾಸಿಟಿ ನಲವತ್ತೈದು

ಮೊದಲು ದೀಪ ಇಳಿಸಬೇಕು, ಆಮೇಲೆ ಕಸ ಗುಡಿಸಬೇಕು. ಬೋರನಗಣಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದವರು ಮಂಚದ ಮೇಲೆಯೇ ಕುಳಿತು ತೂಗುದೀಪ ಹಚ್ಚಿ, ಸರಪಳಿಯನ್ನು ಗೇಣುಗೇಣಾಗಿ ನೆಲದತ್ತ ಬಿಡುತ್ತಿದ್ದರು. ಮೊಣಕಾಲಿನ ಮಟ್ಟ, ಮೀನಖಂಡದ ಮಟ್ಟ, ಪಾದದ ಮಟ್ಟ. ಕುಡಿ ನೆಟ್ಟಗೆ ಉರಿದರೆ ನೆಲಕ್ಕೆ ಕಾಲಿಡಬಹುದು, ಮಕ್ಕಳನ್ನು ಇಳಿಸಬಹುದು. ನಂದಿದರೆ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಮಹಡಿಗೋ ಮಾಳಿಗೆಗೋ ಹತ್ತಬೇಕು.

ಆ ದಿನ ನೀಲಾಂಬಿಕೆಯ ದೀಪ ಮೀನಖಂಡದ ಮಟ್ಟಕ್ಕೆ ಬಂದಿತ್ತಷ್ಟೆ, ದಿಂಬಿನ ಪಕ್ಕದ ಫೋನು ಬಡಿದುಕೊಂಡಿತು. ಏಳು ವರ್ಷದ ಮಗಳು ಇಂಚರ ಹೊದಿಕೆಯೊಳಗಿಂದ ಕೈ ಚಾಚಿ ಫೋನನ್ನು ಅಮ್ಮನ ಕಿವಿಗೆ ಒತ್ತಿ ಹಿಡಿದಳು. ಸರಪಳಿ ಹಿಡಿದ ಕೈ ಬಿಡುವ ಹಾಗಿರಲಿಲ್ಲ.

ಕರೆ ಮಾಡಿದವನು ನಿಯಂತ್ರಣ ಕೋಣೆಯ ಹಿರಿಯ ಆಪರೇಟರ್ ಕರಿಯಣ್ಣ. "ಮೇಡಮ್ಮಾರೆ, ಎರಡನೇ ಬಾವಿ ನೆತ್ತಿ ಒತ್ತಡದ ಮುಳ್ಳು ಏರೈತೆ. ಉಷ್ಣ ಏರಿಲ್ಲ. ನಿಮ್ಮ ಲೆಕ್ಕ ನಲವತ್ತೈದಕ್ಕೇ ಕುಂತೈತೆ. ನಂಗ್ಯಾಕೋ ಸರಿ ಕಾಣವಲ್ದು."

ಕರಿಯಣ್ಣ ಓದಿದ್ದು ಏಳನೇ ತರಗತಿ. ಆದರೆ ಅವನಿಗೆ ಸರಿ ಕಾಣದ್ದು ಸರಿಯಿಲ್ಲವೆಂದೇ ಅರ್ಥ. ನೀಲಾಂಬಿಕೆ ದೀಪವನ್ನು ನೆಲ ಮುಟ್ಟಿಸಿದಳು. ಕುಡಿ ಉರಿಯುತ್ತಲೇ ಇತ್ತು. ಅವಳ ಮನೆ ಮೇಲ್ಕೇರಿಯಲ್ಲಿತ್ತು, ದಿಬ್ಬದ ಮೇಲೆ. ಹಳ್ಳದಕೇರಿಯ ಮಾತೇ ಬೇರೆ.

ಗಾಳಿಗೆ ಬಿಡುವ ಇಂಗಾಲವನ್ನು ಹೂಳಲೇಬೇಕು ಎಂಬ ಕಾನೂನು ಬಂದು ಆಗ ಹದಿನಾಲ್ಕು ವರ್ಷ. ತಾಮ್ರ ಮುಗಿದು ಬಾಗಿಲು ಹಾಕಿದ್ದ ಬೋರನಗಣಿಗೆ ಆ ಕಾನೂನಿನಿಂದಲೇ ಮತ್ತೆ ಜೀವ ಬಂದಿತ್ತು. ದೂರದ ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ಅದುಮಿ, ತಂಪು ಮಾಡಿ, ನೀರಿನಂತೆ ದ್ರವವಾಗಿಸಿ ಏಳುನೂರು ಮೀಟರ್ ಆಳದ ಸುರಂಗಗಳಲ್ಲಿ ತುಂಬುತ್ತಿದ್ದರು. ಸುರಂಗಕ್ಕಿಳಿಯುವ ಬಾವಿಗಳ ಬಾಯಿಗೆ ಕಾಂಕ್ರೀಟಿನ ಬಿರಡೆ. ಮೊದಲ ವರ್ಷ ಅಲ್ಲಿಷ್ಟು ಇಲ್ಲಿಷ್ಟು ಸೋರಿ ಹಳ್ಳದಕೇರಿಯ ಕೋಳಿ, ನಾಯಿಗಳೆಲ್ಲ ಒಂದೇ ಬೆಳಿಗ್ಗೆ ಸತ್ತಿದ್ದವು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿದು ಬಂದು ನೆಲದ ಮೇಲೆ ಮಲಗುತ್ತದೆ.

ಊರು ಅದಕ್ಕೂ ಒಗ್ಗಿಕೊಂಡಿತು. ಬಡಗಿಗಳು ಎದೆಯೆತ್ತರದ ಮಂಚ ಮಾಡಲು ಕಲಿತರು. ತೊಟ್ಟಿಲು ಜಂತಿಗೇರಿತು. ಕೂತು ಅಡುಗೆ ಮಾಡುವ ಒಲೆಗಳು ಕಟ್ಟೆ ಹತ್ತಿದವು. ಮಗು ಅಂಬೆಗಾಲಿಡುವುದು ಹೊತ್ತೇರಿದ ಮೇಲೆ ಮಾತ್ರ. ಕಡೆಗೆ ಅನಿಲ ಹೂಳುವ ಸ್ಥಾವರದವರು ಮನೆಮನೆಗೂ ಅಂಗೈಯಗಲದ ಗೋಡೆಬಿಲ್ಲೆ ಕೊಟ್ಟರು. ಅದರಲ್ಲಿ ಒಂದು ಅಂಕಿ, ಅಂಕಿಯ ಸುತ್ತ ಹಸಿರು ಬೆಳಕು. ಅಂಕಿ ಐವತ್ತು ದಾಟಿದರೆ ಬೆಳಕು ಕೆಂಪಾಗುತ್ತದೆ, ಊರು ದಿಬ್ಬ ಹತ್ತುತ್ತದೆ.

ಆ ಅಂಕಿ ಲೆಕ್ಕ ಹಾಕುವುದೇ ನೀಲಾಂಬಿಕೆಯ ಕೆಲಸ.

ಅದರ ಹೆಸರು ಫ್ಯುಗಾಸಿಟಿ. ಇಂಚರ ಒಮ್ಮೆ ಹಾಗೆಂದರೇನೆಂದು ಕೇಳಿದಾಗ ನೀಲಾಂಬಿಕೆ ಹಗ್ಗದ ಮೇಲಿನ ಒದ್ದೆ ಲಂಗ ತೋರಿಸಿದ್ದಳು. ಬಟ್ಟೆಯೊಳಗಿನ ನೀರಿಗೆ ಬಟ್ಟೆ ಬಿಟ್ಟು ಹೊರಡುವ ತವಕ ಇರುತ್ತದೆ, ಗಾಳಿಯಲ್ಲಿರುವ ನೀರಿಗೂ ಅಷ್ಟೋ ಇಷ್ಟೋ ಇರುತ್ತದೆ. ಬಟ್ಟೆಯದು ಹೆಚ್ಚಿದ್ದರೆ ಲಂಗ ಒಣಗುತ್ತದೆ. ಎರಡೂ ಸಮವಾದ ಮಳೆಗಾಲದ ದಿನ ಎಷ್ಟು ಹೊತ್ತು ಹರವಿದರೂ ಒಣಗುವುದಿಲ್ಲ. ಆ ತವಕವನ್ನು ಅಳೆಯುವ ಅಂಕಿಯೇ ಫ್ಯುಗಾಸಿಟಿ. ಮುಳ್ಳು ತೋರಿಸುವ ಒತ್ತಡವೇ ಬೇರೆ, ಇದೇ ಬೇರೆ. ಕೆಳಗೆ ಸುರಂಗದಲ್ಲಿ ಒತ್ತಡ ಎಪ್ಪತ್ತೆರಡು ಇದ್ದರೂ ಅಣುಗಳು ಒತ್ತೊತ್ತಾಗಿ ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಹೊರಡುವ ತವಕ ನಲವತ್ತೈದೇ. ಹಿಡಿತ ಎಷ್ಟು ಎಂಬುದನ್ನು ಮುಳ್ಳು ಹೇಳಲಾರದು. ಅದನ್ನು ಲೆಕ್ಕವೇ ಹೇಳಬೇಕು.

"ಹಂಗಾದ್ರೆ ಅದಕ್ಕೆ ಆಚೆ ಬರೋಕೆ ಇಷ್ಟ ಇಲ್ಲ ಅಂತಾಯ್ತು," ಎಂದಿದ್ದಳು ಇಂಚರ. ಅಷ್ಟು ಅರ್ಥವಾದರೆ ಸಾಕು ಎಂದು ಅಮ್ಮ ನಕ್ಕಿದ್ದಳು.

ಇಂಚರಳನ್ನು ಶಾಲೆಗೆ ಬಿಟ್ಟು ನೀಲಾಂಬಿಕೆ ನಿಯಂತ್ರಣ ಕೋಣೆ ಸೇರುವಾಗ ಎಂಟಾಗಿತ್ತು. ಕರಿಯಣ್ಣ ತಿಂಡಿಗೂ ಹೋಗದೆ ಎರಡನೇ ಬಾವಿಯ ಪರದೆಯ ಮುಂದೆ ಕೂತಿದ್ದ. ಮುಳ್ಳು ಇನ್ನೂ ಒಂದು ಕೂದಲೆಳೆ ಏರಿತ್ತು. ದ್ರವ ತುಂಬಿದ ಸುರಂಗದ ನೆತ್ತಿಯಲ್ಲಿ ಒತ್ತಡ ಏರಿದೆ, ಉಷ್ಣ ಏರಿಲ್ಲ ಎಂದರೆ ಒಂದೇ ಅರ್ಥ. ಬಿರಡೆಯ ಕೆಳಗೆ ಅನಿಲ ಕೂಡಿಕೊಳ್ಳುತ್ತಿದೆ. ಆದರೆ ಲೆಕ್ಕದ ಪ್ರಕಾರ ಕೆಳಗಿನ ಯಾವುದಕ್ಕೂ ಹೊರಡುವಷ್ಟು ತವಕವಿಲ್ಲ.

ಅವಳು ಲೆಕ್ಕವನ್ನು ಮೊದಲಿನಿಂದ ಬಿಚ್ಚಿದಳು. ಅಕ್ಕಿ ಆರಿಸುವಂತೆ ಸಾಲು ಸಾಲಾಗಿ ನೋಡುತ್ತ ಬಂದವಳ ಕಣ್ಣು ಹನ್ನೊಂದನೇ ಸಾಲಿನಲ್ಲಿ ನಿಂತಿತು. ಆರು ತಿಂಗಳ ಹಿಂದೆ ಒಂದು ಗೊಬ್ಬರದ ಕಾರ್ಖಾನೆಯ ಅನಿಲವನ್ನೂ ಈ ಬಾವಿಗೆ ತುಂಬಲು ಶುರು ಮಾಡಿದ್ದರು. ಅದರಲ್ಲಿ ನೂರಕ್ಕೆ ಮೂರು ಪಾಲು ಜಲಜನಕ. ಎರಡು ಅನಿಲ ಬೆರೆತಾಗ ಅವು ಒಂದನ್ನೊಂದು ಎಷ್ಟು ಸಹಿಸುತ್ತವೆ ಎಂಬುದಕ್ಕೆ ಲೆಕ್ಕದಲ್ಲಿ ಒಂದು ಅಂಕಿ ಕೊಡಬೇಕು. ಪ್ರಯೋಗ ಮಾಡಿದವರ ಪಟ್ಟಿಯಿಂದ ಅದನ್ನು ಹುಡುಕಿ ತುಂಬಬೇಕು. ಆ ಜಾಗದಲ್ಲಿ ಸೊನ್ನೆ ಇತ್ತು. ಒಂದರ ಗೊಡವೆ ಇನ್ನೊಂದಕ್ಕಿಲ್ಲ, ಸಾಮಾನ್ಯ ನೆರೆಹೊರೆಯವರಂತೆ ಇವೆ ಎಂದು ಆ ಸೊನ್ನೆಯ ಅರ್ಥ. ಪಕ್ಕದಲ್ಲಿ ಅವಳದೇ ಹೆಸರು, ಅವಳದೇ ಟಿಪ್ಪಣಿ: ಸದ್ಯಕ್ಕೆ.

ಸದ್ಯಕ್ಕೆ ಎಂದದ್ದು ಆರು ತಿಂಗಳು ಹಾಗೇ ಉಳಿದಿತ್ತು.

ಅವಳು ಪಟ್ಟಿ ಹುಡುಕಿದಳು. ಸಿಕ್ಕ ಅಂಕಿಯನ್ನು ಸೊನ್ನೆಯ ಜಾಗದಲ್ಲಿಟ್ಟು ಲೆಕ್ಕ ಓಡಿಸಿದಳು. ದ್ರವದೊಳಗಿನ ಇಂಗಾಲಾನಿಲ ಜಲಜನಕವನ್ನು ಸಹಿಸುವುದಿಲ್ಲ. ಹೊರಗೆ ತಳ್ಳುತ್ತದೆ. ತಳ್ಳಿಸಿಕೊಂಡದ್ದು ಹೋಗುವಾಗ ಒಂಟಿಯಾಗಿ ಹೋಗದೆ ಇಂಗಾಲಾನಿಲವನ್ನೂ ಜೊತೆಗೆ ಎಬ್ಬಿಸಿಕೊಂಡು ಹೋಗುತ್ತದೆ. ಪರದೆಯ ಮೇಲೆ ಐವತ್ತೆಂಟು ಎಂದು ಬಂತು.

ಕರಿಯಣ್ಣ ಅಂಕಿ ನೋಡಿದ, ಅವಳ ಮುಖ ನೋಡಿದ. ತನ್ನ ಚಹಾದ ಲೋಟವನ್ನು ಅವಳ ಕಡೆಗೆ ಸರಿಸಿದ.

ಬಿಲ್ಲೆ ಕೆಂಪು ಮಾಡಲು ವ್ಯವಸ್ಥಾಪಕರ ಸಹಿ ಬೇಕು. ರುದ್ರಮುನಿ ಕೆಟ್ಟ ಮನುಷ್ಯನಲ್ಲ. ಎರಡು ವರ್ಷದ ಹಿಂದೆ ತಂತಿ ಸುಟ್ಟು ಬಿಲ್ಲೆಗಳು ಸುಮ್ಮಸುಮ್ಮನೆ ಕೆಂಪಾಗಿ, ಕತ್ತಲಲ್ಲಿ ದಿಬ್ಬ ಹತ್ತಿದ ಜನರ ನೂಕಾಟದಲ್ಲಿ ಇಬ್ಬರು ಬಸುರಿಯರು ಕಾಲಡಿಗೆ ಸಿಕ್ಕಿದ್ದರು. ಅವರನ್ನು ಗಾಡಿಗೆ ಎತ್ತಿಹಾಕಿದವನು ರುದ್ರಮುನಿಯೇ. ಅವನು ಅವಳ ಹಾಳೆಗಳನ್ನು ಎರಡು ಸಲ ಓದಿದ. ಅಂಕಿ ಎಲ್ಲಿಂದ ತಂದದ್ದು, ಆ ಪ್ರಯೋಗದ ಉಷ್ಣ ನಮ್ಮ ಉಷ್ಣವೇ ಹೌದೇ ಎಂದೆಲ್ಲ ಕೇಳಿದ. ಸರಿಯಾದ ಪ್ರಶ್ನೆಗಳನ್ನೇ ಕೇಳಿದ. ಬಾವಿಯ ನೆತ್ತಿಯ ಅನಿಲವನ್ನು ತೆಗೆದು ಪರೀಕ್ಷೆಗೆ ಕಳಿಸೋಣ, ಬೆಳಿಗ್ಗೆ ಆರಕ್ಕೆ ಫಲಿತಾಂಶ ಬರುತ್ತದೆ, ನಿಮ್ಮ ಲೆಕ್ಕವೇ ನಿಜವಾದರೆ ಆರೂ ಐದಕ್ಕೆ ಕೆಂಪು ಮಾಡುತ್ತೇನೆ ಎಂದ.

"ಅಲ್ಲೀವರೆಗೆ ಈ ಮಾತು ಈ ಕೋಣೆ ದಾಟಬಾರದು ಮೇಡಂ. ಬಿಲ್ಲೆ ಒಂದು ಹೇಳಿ ನಾವೊಂದು ಹೇಳಿದ್ರೆ ನಾಳೆ ಜನ ಬಿಲ್ಲೇನ ಕಿತ್ತು ಹಳ್ಳಕ್ಕೆ ಎಸೀತಾರೆ."

ಬಿರಡೆ ಗಟ್ಟಿಯಿದೆ, ಒಂದು ರಾತ್ರಿ ತಾನೆ ಎಂದುಕೊಂಡು ಅವಳೂ ತಲೆಯಾಡಿಸಿದಳು. ಸೊನ್ನೆ ಇಟ್ಟವಳಿಗೆ ವಾದ ಮಾಡುವ ಬಾಯಿ ಎಲ್ಲಿಂದ ಬರಬೇಕು?

ಸಂಜೆ ಮಗಳನ್ನು ಕರೆದುಕೊಂಡು ಬರಲು ಹಳ್ಳದಕೇರಿಗೆ ಇಳಿದಳು. ಇಂಚರ ಶಾಲೆ ಬಿಟ್ಟಮೇಲೆ ಇರುತ್ತಿದ್ದುದು ತಿಪ್ಪಮ್ಮನ ಮನೆಯಲ್ಲಿ. ತನ್ನ ಗಂಡ ಬೇರೆ ಊರಿನ ಪಂಪುಮನೆಯಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬರುವವನಾದ್ದರಿಂದ, ಇಂಚರಳನ್ನು ಮೂರು ತಿಂಗಳ ಕೂಸಾಗಿದ್ದಾಗಿನಿಂದ ತಿಪ್ಪಮ್ಮನ ಮಡಿಲಿಗೆ ಹಾಕಿಯೇ ನೀಲಾಂಬಿಕೆ ಪಾಳಿಗೆ ಹೋಗುತ್ತಿದ್ದಳು. ಕೂಸು ಮೊದಲು ಕಲಿತ ಮಾತು 'ತಿಪ್ಪಜ್ಜಿ'.

ತಿಪ್ಪಮ್ಮನ ಗಂಡ, ಹಳೇ ಗಣಿ ಕೆಲಸಗಾರ ಬೋಸಯ್ಯ, ತೀರಿಕೊಂಡು ಅಂದಿಗೆ ಮೂರು ದಿನ. ಸೂತಕದ ಮನೆಯೆಂದು ಕೇರಿಯವರು ಹೊಸಿಲಾಚೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಇಂಚರ ಮಾತ್ರ ಎಂದಿನಂತೆ ಒಳಗೆ ಹೋಗಿ ಅಜ್ಜಿಯ ತೊಡೆಗೊರಗಿ ಪಾಠ ಬರೆಯುತ್ತಿದ್ದಳು. ಮನೆ ತುಂಬ ನೆಂಟರು. ಮಂಚಗಳನ್ನು ಹಿತ್ತಲಿಗೆ ಹಾಕಿ ನೆಲದುದ್ದಕ್ಕೂ ಚಾಪೆ, ಕಂಬಳಿ ಹಾಸಿದ್ದರು. ಹೆಣ ಮಲಗಿಸಿದ್ದ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು. ತಿಥಿ ಮುಗಿಯುವವರೆಗೆ ಸತ್ತವರ ಮನೆಯವರು ಮಂಚ ಹತ್ತುವಂತಿಲ್ಲ. ಊರೆಲ್ಲ ಎದೆಯೆತ್ತರಕ್ಕೆ ಏರಿದರೂ ಸಾವಿನ ಮನೆ ಹನ್ನೊಂದು ದಿನ ನೆಲಕ್ಕೇ ಇಳಿಯುತ್ತಿತ್ತು. ಇಷ್ಟು ವರ್ಷ ಇಳಿದಿತ್ತು, ಏನೂ ಆಗಿರಲಿಲ್ಲ. ಬಿಲ್ಲೆ ಹಸಿರಿದೆಯೋ ಇಲ್ಲವೋ ನೋಡಿಕೊಂಡು ಮಲಗಿದರಾಯಿತು.

ನೀಲಾಂಬಿಕೆ ಹಾಸಿದ ಚಾಪೆಗಳನ್ನೇ ನೋಡಿದಳು. ಈ ವಿಚಾರ ಅವಳಿಗೆ ಬೆಳಗಿನಿಂದ ಹೊಳೆದೇ ಇರಲಿಲ್ಲ. ಒಂದು ರಾತ್ರಿಯಲ್ಲವೇ, ಎಲ್ಲರೂ ಮಂಚದ ಮೇಲಿರುತ್ತಾರಲ್ಲ ಎಂದೇ ಅವಳು ಒಳಗೊಳಗೆ ಸಮಾಧಾನ ಮಾಡಿಕೊಂಡಿದ್ದಳು.

"ತಿಪ್ಪಮ್ಮ, ಇವತ್ತೊಂದಿನ ಎಲ್ಲ ಮಂಚದ ಮೇಲೆ ಮಲಗಿರಿ," ಎಂದಳು.

ತಿಪ್ಪಮ್ಮ ಅವಳನ್ನೇ ನೋಡಿದಳು. ಮೂರು ದಿನ ಅತ್ತ ಕಣ್ಣುಗಳು ಊದಿಕೊಂಡಿದ್ದವು. "ಸೂತಕದಾಗೆ ಮಂಚ ಹತ್ತಾಕಾಗ್ತದೇನವ್ವ? ಅವನ ಸಂಗಡ ನಲವತ್ತು ವರ್ಸ ಬಾಳೀನಿ. ಹನ್ನೊಂದು ದಿನ ನೆಲದ ಮ್ಯಾಗೆ ಮಲಗಾಕಾಗಲ್ವ ನಂಗೆ?" ಎಂದಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು. "ಹಸ್ರಾಗೇ ಐತಲ್ಲ. ನಲವತ್ತೈದು. ನಿಂದೇ ಲೆಕ್ಕ ಅಲ್ವೇನವ್ವ ಅದು?"

ನೆಂಟರಲ್ಲಿ ಒಬ್ಬಳು, ಓದಿದೋರ ಲೆಕ್ಕ ಅವರ ಮನೆಗೇ ಗೊತ್ತಿರಲ್ಲ ಕಣಕ್ಕ ಎಂದು ತಮಾಷೆ ಮಾಡಿದಳು. ಇನ್ನೊಬ್ಬಳು ಅವಳನ್ನು ಗದರಿಸಿ, ಈ ಮೇಡಮ್ಮನ ಲೆಕ್ಕದ ಮೇಲೆಯೇ ಕೇರಿ ನಿದ್ದೆ ಮಾಡ್ತದೆ ಎಂದಳು. ನೀಲಾಂಬಿಕೆಗೆ ಬಾಯಿಯವರೆಗೆ ಬಂದಿತ್ತು. ಆ ಅಂಕಿ ಸುಳ್ಳು, ನಾನು ತಪ್ಪಿದ್ದೇನೆ, ಏಳಿ. ಇಷ್ಟೇ ಮಾತು. ರುದ್ರಮುನಿಯ ನಿಷೇಧ ಅದನ್ನು ತಡೆಯಿತೆಂದು ಆಮೇಲೆ ಎಷ್ಟೋ ದಿನ ಅವಳು ಅಂದುಕೊಂಡಳು. ನಿಜವಾಗಿ ತಡೆದದ್ದು ತಿಪ್ಪಮ್ಮನ ಕಣ್ಣು. ಅಷ್ಟು ನಂಬಿಕೆಯಿಂದ ನೋಡುವವರೆದುರು ಅವಳಿಗೆ ನಾಲಗೆ ಏಳಲಿಲ್ಲ. ಕಿಟಕಿ ತೆರೆದಿಡಿ ಎಂದಳು. ಚಳಿಯವ್ವ ಎಂದರು. ಹೊದ್ದುಕೊಳ್ಳಿ ಎಂದಳು.

ಇಂಚರ ತಾನೂ ಅಜ್ಜಿಯ ಹತ್ತಿರ ಚಾಪೆಯಲ್ಲೇ ಮಲಗುತ್ತೇನೆಂದು ಹಟ ಮಾಡಿದಳು. ನಾಳೆ ಭಾನುವಾರ, ಇರಲಿ ಬಿಡು ಎಂದಳು ತಿಪ್ಪಮ್ಮನೂ. ನೀಲಾಂಬಿಕೆ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಯಾವತ್ತೂ ಹಾಗೆ ಎಳೆದವಳಲ್ಲ. ಮಗು ಅಳುತ್ತಲೇ ದಿಬ್ಬ ಹತ್ತಿತು.

ಬೆಳಗಿನ ಜಾವ ನಾಲ್ಕೂಕಾಲಕ್ಕೆ ಅನಿಲ ಹೊರಬಂತು. ಬಿರಡೆ ಗಟ್ಟಿಯಾಗಿಯೇ ಇತ್ತು. ಆದರೆ ಬ್ರಿಟಿಷರ ಕಾಲದಲ್ಲಿ ಗಾಳಿಗೆಂದು ಕೊರೆದು, ಯಾವ ನಕಾಶೆಗೂ ಏರದೆ ಮರೆತುಹೋಗಿದ್ದ ಒಂದು ಕೊಳವೆ ಹಳ್ಳದ ಮೇಲ್ದಂಡೆಯಲ್ಲಿತ್ತು. ಅನಿಲ ಅದನ್ನು ಹುಡುಕಿಕೊಂಡಿತು. ಗಾಳಿಯಾಡದ ಮಾರ್ಗಶಿರದ ಚಳಿಯಲ್ಲಿ ಅದು ಮಂಜಿನ ಅಡಿಯಲ್ಲಿ ತೆವಳುತ್ತ ಕೇರಿಗೆ ಇಳಿದು, ಬಾಗಿಲ ಸಂದಿಯಲ್ಲಿ ಒಳಬಂದು, ಮೊಣಕಾಲಿನವರೆಗೆ ನಿಂತಿತು. ಮೊಣಕಾಲಿನವರೆಗೆ ಮಾತ್ರ. ಮಂಚದ ಮೇಲಿದ್ದವರು ತಲೆನೋವೆಂದು ಎದ್ದು ದೀಪ ಇಳಿಸಿ, ನಂದಿದ್ದು ಕಂಡು, ಮಕ್ಕಳನ್ನು ಹೊತ್ತು ಮಾಳಿಗೆ ಹತ್ತಿದರು. ಕೇರಿಯ ನಲವತ್ತು ಮನೆಗಳಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ, ಒಂದು ಮನೆಯ ಹೊರತು. ಅಲ್ಲಿ ಒಂಬತ್ತು ಜನ ಮಲಗಿದವರು ಮಲಗಿದಂತೆಯೇ ಇದ್ದರು. ತಲೆದೆಸೆಯ ದೀಪದಲ್ಲಿ ಎಣ್ಣೆ ಮುಕ್ಕಾಲು ಉಳಿದಿತ್ತು. ಗೋಡೆಯ ಮೇಲೆ ಹಸಿರು ಬೆಳಕು, ನಲವತ್ತೈದು.

ಆರೂ ಐದಕ್ಕೆ ಅದು ಕೆಂಪಾಯಿತು. ರುದ್ರಮುನಿ ಹೇಳಿದ ಮಾತಿಗೆ ತಪ್ಪಲಿಲ್ಲ.

ಊರು ಬಿಡಿಸಿದರು. ಮೂರು ವಾರವಾದ ಮೇಲೂ ಜನ ತಾಲ್ಲೂಕಿನ ಶಾಲೆಗಳಲ್ಲಿ, ಮಂಡಿಯ ಗೋದಾಮುಗಳಲ್ಲಿ ಇದ್ದರು. ಬೆಂಚುಗಳನ್ನು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರು. ಇಲ್ಲಿ ನೆಲದಲ್ಲೇನೂ ಇಲ್ಲವೆಂದರೂ ಕೇಳುತ್ತಿರಲಿಲ್ಲ. ನೀಲಾಂಬಿಕೆಗೆ ಒಂದು ಮಿಲ್ಲಿನ ಹಿಂದೆ ಎರಡು ಕೋಣೆ ಸಿಕ್ಕಿತ್ತು. ಸೋಮವಾರ ವಿಚಾರಣಾ ಸಮಿತಿಯ ಮುಂದೆ ಅವಳು ಹೇಳಿಕೆ ಕೊಡಬೇಕಿತ್ತು.

ಶನಿವಾರ ಕರಿಯಣ್ಣ ಒಂದು ಚೀಲ ತೊಗರಿಕಾಯಿ ಹಿಡಿದು ಬಂದ. ಬಾಗಿಲಲ್ಲೇ ನಿಂತು ಬಹಳ ಹೊತ್ತು ಬಿಸಿಲಿನ ಮಾತು, ಬಸ್ಸಿನ ಮಾತು ಆಡಿದ. ಹೊರಡುವ ಮುಂಚೆ, "ಇದ್ದದ್ದೆಲ್ಲ ಬರೀಬ್ಯಾಡ್ರಿ ಮೇಡಮ್ಮಾರೆ," ಎಂದ. "ಮಿಷನ್ನಿನ ಮ್ಯಾಗೆ ಹಾಕ್ರಿ. ಅದಕ್ಕೇನು ಹೆಂಡ್ರ ಮಕ್ಕಳ? ನಿಮಗೆ ಕೂಸೈತೆ."

ಅವನು ಹೋದಮೇಲೆ ಅವಳು ತೊಗರಿಕಾಯಿ ಬಿಡಿಸಿ ಒಲೆಗಿಟ್ಟಳು. ಬೇಯುವಷ್ಟರಲ್ಲಿ ಬರೆದು ಮುಗಿಸೋಣವೆಂದು ಹಾಳೆ ತೆಗೆದಳು. ಇಂಚರ ಎದುರಿಗೆ ಕೂತು ಗೆರೆ ಹಾಕುತ್ತಿದ್ದಳು. ಈ ಮೂರು ವಾರದಲ್ಲಿ ಮಗು ತಿಪ್ಪಜ್ಜಿಯ ಹೆಸರು ಎತ್ತಿರಲಿಲ್ಲ. ಬಾಯಿ ತೆರೆಯುವುದು, ಅಮ್ಮನ ಮುಖ ನೋಡುವುದು, ನೀರು ಬೇಕು ಎನ್ನುವುದು. ಒಂದೊಂದು ದಿನ ನಾಲ್ಕು ನಾಲ್ಕು ಸಲ ನೀರು ಕೇಳುತ್ತಿದ್ದಳು, ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಅವಳು ಕೇಳಲಾರದ ಪ್ರಶ್ನೆ ಯಾವುದೆಂದು ನೀಲಾಂಬಿಕೆಗೆ ಗೊತ್ತಿತ್ತು. ಆ ಲೆಕ್ಕ ಮಾಡಿದ್ದು ನೀನೇನಾ? ನನ್ನನ್ನಷ್ಟೇ ಯಾಕೆ ಎಳಕೊಂಡು ಬಂದೆ? ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದಳು. ಹೌದು ಮಗಳೇ, ನಾನೇ. ಸುಳ್ಳು ಹೇಳುವುದಿಲ್ಲವೆಂದು ದೇವರ ಮುಂದೆ ನಿಂತು ಗಟ್ಟಿ ಮಾಡಿಕೊಂಡಿದ್ದಳು.

ಹಾಳೆಯ ಮೇಲೂ ಸುಳ್ಳು ಬರೆಯಲಿಲ್ಲ. ಸೊನ್ನೆ ಇಟ್ಟದ್ದು ತಾನು. ಆರು ತಿಂಗಳು ತಿರುಗಿ ನೋಡದಿದ್ದದ್ದು ತಾನು. ಹಿಂದಿನ ಸಂಜೆ ಆ ಮನೆಯಲ್ಲಿ ನಿಂತೂ ಬಾಯಿ ಬಿಡದೆ ತನ್ನ ಮಗುವನ್ನಷ್ಟೇ ಎತ್ತಿಕೊಂಡು ಬಂದದ್ದು ತಾನು. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿಕೊಳ್ಳುವುದು ಅವಳ ವಾಡಿಕೆ. ಕುಕ್ಕರಿನ ಸದ್ದಿನ ನಡುವೆ ಓದುತ್ತ ಹೋದಳು. "ಸದರಿ ದಿನ ಮಧ್ಯಾಹ್ನ ಮೂರೂವರೆಗೆ, ನನ್ನ ಮಗಳಿಗೆ ಜ್ವರ ನೂರಮೂರಕ್ಕೆ ಏರಿದೆಯೆಂದು ಶಾಲೆಯಿಂದ ಫೋನ್ ಬಂದ ಕಾರಣ, ಅಂಕಿಯನ್ನು ಹುಡುಕುವ ಕೆಲಸ ಬಾಕಿ ಇಟ್ಟು, ಸದ್ಯಕ್ಕೆ ಸೊನ್ನೆಯನ್ನು ತುಂಬಿ ನಾನು ಹೊರಟೆನು."

ಓದಿ ನಿಲ್ಲಿಸಿದಳು. ನಿಜವೇ. ಆದರೆ ಒಂಬತ್ತು ಜನರ ಮುಂದೆ ಇದೊಂದು ನೆಪದಂತೆ ಕಂಡಿತು. ಜ್ವರ ಮರುದಿನವೇ ಇಳಿದಿತ್ತು. ಉಳಿದ ನೂರ ಎಂಬತ್ತು ದಿನ ಎಲ್ಲಿ ಹೋಗಿದ್ದೆ ಎಂದು ಯಾರಾದರೂ ಕೇಳಿದರೆ? ಅವಳು ಆ ಸಾಲಿನ ಮೇಲೆ ಗೆರೆ ಎಳೆದಳು. ಕೆಳಗಿನ ಅಕ್ಷರ ಕಾಣದಂತೆ ಮತ್ತೊಂದು ಗೆರೆ ಎಳೆದಳು.

ಒಲೆ ಆರಿಸಿ ಬಂದಾಗ ಇಂಚರ ಗೆರೆ ಹಾಕುವುದನ್ನು ನಿಲ್ಲಿಸಿದ್ದಳು. ಪೆನ್ಸಿಲ್ಲು ಕೈಯಲ್ಲೇ ಇತ್ತು. ಬಾಯಿ ತೆರೆದಳು, ಅಮ್ಮನ ಮುಖ ನೋಡಿದಳು. ನೀಲಾಂಬಿಕೆ ಕೈ ಒರೆಸಿಕೊಂಡು ಮಗಳ ಎದುರು ಕೂತಳು. ಹೌದು ಮಗಳೇ ನಾನೇ ಎಂಬ ಮಾತು ತುಟಿಯಲ್ಲಿ ಸಿದ್ಧವಾಗಿತ್ತು.

ಈ ಸಲ ಮಗು ನೀರು ಕೇಳಲಿಲ್ಲ.

"ಅಮ್ಮ, ಅವತ್ತು ನಂಗೆ ಜ್ವರ ಬರ್ದೇ ಇದ್ದಿದ್ರೆ ತಿಪ್ಪಜ್ಜಿ ಇರ್ತಿದ್ಲಾ?"